ಕೌಂಟರಿನಲ್ಲಿ ಕೇಳಬಾರದ ಪ್ರಶ್ನೆ

ನಾರ್‌ಕ್ರಾಸ್, ಜಾರ್ಜಿಯಾ
18 ಮಾರ್ಚ್ 2024

ಪ್ರೀತಿಯ ಮಧುರಕ್ಕ,

ಡರ್ಹಮ್‌ನಲ್ಲಿ ನೀನೂ ಭಾವನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನೀನು ಕಳಿಸಿದ ಸ್ವೆಟರ್ ಬಂದು ತಿಂಗಳಾಯಿತು, ಒಂದು ಮಾತೂ ಬರೆಯಲಿಲ್ಲ, ಕ್ಷಮಿಸು. ಫೋನ್ ಮಾಡಿದರೆ ನಡುವೆಯೇ "ಕೂಲ್ ಡೌನ್, ನಿಧಿ" ಅನ್ನುತ್ತೀಯ. ನನಗೆ ತಣ್ಣಗಾಗುವುದು ಬೇಕಾಗಿಲ್ಲ. ಅದಕ್ಕೇ ಕಾಗದ.

ಅಪ್ಪ ಫಾರ್ಮಸಿಸ್ಟ್ ಆಗಿರುವ ಕಂಪನಿ ಫಾರ್ಮಸಿಯಲ್ಲಿ ನಾನು ಮಾಡುತ್ತಿದ್ದ ಕೌಂಟರ್ ಕೆಲಸ ಬಿಟ್ಟೆ. "ಹೈಸ್ಕೂಲ್ ಬಿಟ್ಟಾಯ್ತು, ಈಗ ಇದೂ ಬಿಟ್ಯಾ? ಮುಂದೇನು, ಊಟ ಬಿಡ್ತೀಯಾ?" ಎಂದು ಅಮ್ಮ ಕೇಳಿದಳು. ಅವಳ ಮೇಲೆ ಸಿಟ್ಟಿಲ್ಲ. ಸಿಟ್ಟು ಅಪ್ಪನ ಮೇಲೆ.

ಶುಕ್ರವಾರ ಸಂಜೆ ರಚನಾ ಬಂದಿದ್ದರು. ನಿನ್ನ ಮದುವೆಯಲ್ಲಿ ಮೆಹೆಂದಿ ಹಾಕಿದರಲ್ಲ, ಅವರೇ. ಹೊಟ್ಟೆಯಲ್ಲಿ ಮಗುವಿನ ಎದೆಬಡಿತ ನಿಂತುಹೋಗಿತ್ತು. ಉಳಿದದ್ದು ಹೊರಗೆ ಬರಲಿ ಎಂದು ಡಾಕ್ಟರ್ ಮಾತ್ರೆ ಬರೆದಿದ್ದರು. ಗರ್ಭಪಾತಕ್ಕೂ ಅದೇ ಮಾತ್ರೆ. ಜಾರ್ಜಿಯಾದಲ್ಲಿ ಕಾನೂನು ಬಿಗಿಯಾದ ಮೇಲೆ ಅದರ ಹೆಸರು ಕೇಳಿದರೇ ಫಾರ್ಮಸಿಯವರಿಗೆಲ್ಲ ನಡುಕ. ಪ್ರಿಸ್ಕ್ರಿಪ್ಷನ್‌ನಲ್ಲಿ ಕಾರಣ ಬರೆದಿರಲಿಲ್ಲ, ಡಾಕ್ಟರ ಆಫೀಸು ಮುಚ್ಚಿತ್ತು.

ಅಪ್ಪ ಹಿಂದೆ ನಿಂತು ಪಿಸುಗುಟ್ಟಿದರು: "ನಮ್ಮ ಕಡೆ ಹೆಂಗಸು, ನಾನು ಹೇಗೆ ಕೇಳ್ಲಿ? ನೀನೇ ಕನ್ನಡದಲ್ಲಿ ಕೇಳ್ಬಿಡು."

ಕೇಳಿದೆ. "ಮಗು... ಹೋಗಿದ್ಯಾ?"

ಕ್ಯೂನಲ್ಲಿ ಹಿಂದಿದ್ದವನಿಗೆ ಕನ್ನಡ ಬಾರದಿದ್ದರೂ ಕಿವಿಯಿಂದ ಇಯರ್‌ಫೋನ್ ತೆಗೆದ.

"ಅಮ್ಮಂಗೆ ಹೇಳ್ದೆ, ಅತ್ತೆಗೆ ಹೇಳ್ದೆ, ಆಫೀಸಲ್ಲಿ ಮ್ಯಾನೇಜರ್‌ಗೂ ಹೇಳ್ದೆ. ಈಗ ನಿಂಗೂ ಹೇಳ್ಬೇಕಾ? ಹೌದು ಕಣೇ, ಹೋಗಿದೆ. ಕೊಡು."

ಅಪ್ಪ ಕೊಡಲಿಲ್ಲ. "ಬಾಯಿಮಾತು ಸಾಕಾಗಲ್ಲ, ಸೋಮವಾರ ಬರ್ಲಿ" ಎಂದರು.

"ಮಗು ಹೋದ್ಮೇಲೆ ಕೊಡೋದನ್ನ ಕಾನೂನು ತಡೆಯಲ್ಲ ಅಂತ ನೀವೇ ಹೇಳಿದ್ರಲ್ಲಪ್ಪಾ!"

"ಕಾನೂನು ನಂಗೂ ಗೊತ್ತು. ಲೈಸೆನ್ಸ್ ಹೋದ್ರೆ ಆ ಕಾನೂನು ಬಂದು ಅನ್ನ ಹಾಕುತ್ತಾ?"

ನಿನ್ನೆ ರಚನಾಗೆ ವಿಪರೀತ ರಕ್ತ ಹೋಗಿ ಆಂಬುಲೆನ್ಸ್ ಬಂತು. ಜೀವ ಉಳಿದಿದೆ. ಇವತ್ತು ಆಸ್ಪತ್ರೆಗೆ ಹೋದೆ. ನನ್ನನ್ನು ನೋಡಿ, "ಬಂದ್ಯಾ? ಇನ್ನೇನು ಕೇಳೋದಿದೆ, ಕೇಳು" ಅಂದರು. ದಾರಿಯಲ್ಲಿ ಹೋಗುವವರ ಜೊತೆಗೂ ವಾದಕ್ಕೆ ನಿಲ್ಲುವ ನಾನು, ಅವರ ನೀರಿನ ಲೋಟ ತುಂಬಿಸಿಟ್ಟು ಬಂದೆ.

ಊಟದ ಹೊತ್ತಿಗೆ ಅಪ್ಪ "ಪಾಪ, ಅವಳ ಕರ್ಮ" ಎಂದರು. "ಕರ್ಮ ಅಲ್ಲ, ನೀವು" ಅಂದೆ. ತಟ್ಟೆ ಬಿಟ್ಟು ಎದ್ದುಹೋದರು. ಹೋಗಲಿ.

ಭಾವನಿಗೆ ನಮಸ್ಕಾರ ಹೇಳು. ದೊಡ್ಡವಳು ನೀನು, ಹರಸುವುದು ನಿನ್ನ ಕೆಲಸ. ನನ್ನ ಬಾಯಲ್ಲಿ ಈಗ ಬರೀ ಬೈಗುಳ. ಆದರೂ ನೀನು ಚೆನ್ನಾಗಿರು.

ನಿನ್ನ
ನಿಧಿ

ವಿ.ಸೂ.: ಇದನ್ನು ನಿನಗೆ ಹೇಳಬಾರದೆಂದು ಅಪ್ಪ ಆಣೆ ಹಾಕಿಸಿದ್ದಾರೆ. ಹೇಳುತ್ತೇನೆ. ಹೋದ ವರ್ಷ ನೀನು ಇಲ್ಲಿಗೆ ಬಂದಿದ್ದಾಗ ನಿನ್ನ ಮಗು ಹೋಯಿತಲ್ಲ, ಆಗ ಇದೇ ಮಾತ್ರೆಯನ್ನು ಅಪ್ಪ, ಪ್ರಿಸ್ಕ್ರಿಪ್ಷನ್‌ನಲ್ಲಿ ಕಾರಣ ಇರದಿದ್ದರೂ ಡಾಕ್ಟರನ್ನು ಕೇಳದೆ, ತಾವೇ ಮನೆಗೆ ತಂದುಕೊಟ್ಟರು. ನಿಯಮ ತಪ್ಪಿದವರನ್ನು ಹುಡುಕುವ ಕಂಪನಿಯ ಕಂಪ್ಲಯನ್ಸ್‌ನವರು ಅದನ್ನು ಹಿಡಿದು, ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದರಂತೆ. ಅಂದಿನಿಂದ ಹೀಗೆ ವಾಪಸ್ ಹೋದವರಲ್ಲಿ ರಚನಾ ಮೊದಲನೆಯವರಲ್ಲ. ಶುಕ್ರವಾರ ಅವರು ಬರಿಗೈಯಲ್ಲಿ ಬಾಗಿಲು ದಾಟುವಾಗ ಅಪ್ಪ, "ನಮ್ಮ ಮಧು ಥರಾನೇ ಹೊಟ್ಟೆ ಹಿಡ್ಕೊಂಡು ನಡೀತಾಳೆ" ಅಂದರು. ಅಷ್ಟು ಅಂದರೂ ಅವರನ್ನು ವಾಪಸ್ ಕರೆಯಲಿಲ್ಲ, ಅಕ್ಕ.