ಹಿತ್ತಲಿಗೆ ಲೋಬಾನ ಒಯ್ಯಬೇಡ

ಮಗಳೇ ಮಹೆಕ,

ನಮ್ಮ ಗಂಡು ಮೊಲಗಳೆಲ್ಲ ಒಂದೇ ತಾಯಿಯವು. ತಳಿಗೆ ಬೇರೆ ಗಂಡು ತರಲು ಸಂಕೇಶ್ವರಕ್ಕೆ ಹೊರಟಿದ್ದೇನೆ. ಸಂಜೆಯ ಮಗ್ರಿಬ್ ನಮಾಜಿನೊಳಗೆ ಮನೆ ಮುಟ್ಟಲಾರೆ.

ಕರಿಕಿವಿಯ ಮೊಲ ಎದೆಯ ತುಪ್ಪಳ ಕಿತ್ತು ಗೂಡಿಗೆ ಹಾಸುತ್ತಿದೆ. ಅದು ರೋಗವಲ್ಲ, ಇವತ್ತೇ ಮರಿ ಹಾಕುತ್ತದೆ. ರೋಗವೆಂದು ನಿನ್ನ ಗಂಡ ಕೊಯ್ಯಲು ಹೊರಟರೆ ತಡೆ. ನೀರು ಇಡು, ಗೂಡು ಕತ್ತಲಾಗುವಂತೆ ಗೋಣಿಚೀಲ ಇಳಿಬಿಡು, ಒಳಗೆ ಕೈ ಹಾಕಬೇಡ.

ಇವತ್ತು ಗುರುವಾರ. ತೀರಿಕೊಂಡ ನಿಮ್ಮತ್ತೆಯ ಹೆಸರಿನಲ್ಲಿ ಮನೆಯೊಳಗೆ ಲೋಬಾನ ಹಾಕು. ಆದರೆ ಹೊಗೆಯನ್ನು ಹಿತ್ತಲಿಗೆ ಒಯ್ಯಬೇಡ. ಕರಿಕಿವಿಯದು ಹೋದ ಸಲ ಮರಿ ಹಾಕಿದಾಗ, ಅವಳು ಸಾಕಿದ ಮೊಲಗಳಿಗೂ ತಾಗಲಿ ಎಂದು ನೀನು ಪ್ರೀತಿಯಿಂದಲೇ ಒಯ್ದೆ. ಹೊಗೆಗೆ ಬೆದರಿದ ಮೊಲ ಹೆತ್ತ ಮರಿಗಳನ್ನೇ ತಿಂದಿತು. ನಿನ್ನನ್ನು ಬೈಯುತ್ತಿಲ್ಲ, ಹೆದರಿ ಬರೆಯುತ್ತಿದ್ದೇನೆ.

"ಮಾಮಾ, ಸೊಸಿಗಿಂತ ಮೊಲದ ಮ್ಯಾಗ ಜೀವ ಐತಿ ನಿಮ್ದು" ಎಂದು ನಗುತ್ತೀ. ನಗು. "ಇದನ್ನ ಮಾಂಸಕ್ಕ ಕೊಡಬ್ಯಾಡ್ರಿ, ಸೊಂಟ ಅಗಲ ಐತಿ, ತಳಿಗಿರಲಿ" ಎಂದು ನಿಮ್ಮತ್ತೆ ಆರಿಸಿ ಉಳಿಸಿದ್ದರಲ್ಲಿ ಬದುಕಿರುವುದು ಈ ಕರಿಕಿವಿಯದೊಂದೇ.

ಅವಳಿಗಾಗಿ ಫಾತಿಹಾ ಓದುವಾಗ ಹಿತ್ತಲ ಬಾಗಿಲು ಹಾಕಿಕೋ. ದುವಾಕ್ಕೆ ಬಾಗಿಲು ಅಡ್ಡವಾಗುವುದಿಲ್ಲ.

ಮರಿಗಳು ಉಳಿದರೆ ಫೋನು ಮಾಡು. ಕೆಟ್ಟ ಸುದ್ದಿಯಾದರೆ ಮಾಡಬೇಡ. ಬಸ್ಸಿನಲ್ಲಿ ಒಬ್ಬನೇ ಇರುತ್ತೇನೆ.

ನಿನ್ನ ಮಾಮಾ,
ತಾಜುದ್ದೀನ