ಬೀಗರ ದಾರಿ

ಅಕ್ಟೋಬರ್ 6, ಭಾನುವಾರ

ಕಾಡಿನ ಕೆರೆ ಸುತ್ತಿನ ದಾರಿಯಲ್ಲಿ ನಡೆದು ಬಂದೆ. ಶೂ ಒದ್ದೆ. ಹಳೇ ಪೇಪರ್ ತುರುಕಿ ಕಿಟಕಿ ಕೆಳಗೆ ಇಟ್ಟಿದ್ದೇನೆ. ಇವತ್ತೂ ನಡುವಿನ ದಾರಿ ಶುರುವಾಗುವ ಕಂಬದ ತನಕ ಹೋಗಿ ವಾಪಸ್. ಅಲ್ಲಿಂದ ಆಚೆಗೆ ಕಾಲು ಏಳುವುದಿಲ್ಲ. ಬೇಸಿಗೆಯಲ್ಲಿ ಅಕ್ಕ ತೀರಿಹೋದಳು. ಆಮೇಲೆ ಕಾಲು ಒಮ್ಮೆಯೂ ಎದ್ದಿಲ್ಲ.

ಈ ಕಾಡಿಗೆ ಎರಡು ಗೇಟು. ಈ ಗೇಟಿನ ಎದುರು ನನ್ನ ಕೋಣೆ, ಆ ಗೇಟಿನ ಎದುರು ಅಕ್ಕನ ಮನೆ. ರಸ್ತೆಯಲ್ಲಿ ಹೋದರೆ ಎರಡು ಬಸ್ಸು ಬದಲಿಸಬೇಕು. ಹಾಗಾಗಿ ಭಾನುವಾರ ನಾನು ಕೆರೆ ಸುತ್ತಿನಿಂದ, ಅವಳು ಬಂಡೆ ಸುತ್ತಿನಿಂದ ಹೊರಟು, ಎರಡನ್ನೂ ಸೇರಿಸುವ ಸಣ್ಣ ದಾರಿಯಲ್ಲಿ ಸಿಗುತ್ತಿದ್ದೆವು. ಗೇಟಿನ ಬೋರ್ಡಿನಲ್ಲಿ ‘ಸಂಪರ್ಕ ಹಾದಿ’ ಅಂತ ಇದೆ. ಅಕ್ಕನ ಬಾಯಲ್ಲಿ ಅದು ಬೀಗರ ದಾರಿ. ‘ನೋಡೋ, ಈ ಸುತ್ತಿಗೂ ಜಂಬ, ಆ ಸುತ್ತಿಗೂ ಜಂಬ. ಮಧ್ಯೆ ಓಡಾಡಿ ಸಂಬಂಧ ಉಳಿಸೋದು ಇದೊಂದೇ.’

ಎಲೆ ಉದುರುತ್ತಿದೆ. ಬೀಗರ ದಾರಿ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವ ಹಾಗಿದೆ.

ಅಕ್ಟೋಬರ್ 9

ಲಾಂಡ್ರಿಯಲ್ಲಿ ಹೋಟೆಲಿನ ಬೆಡ್‌ಶೀಟ್ ರಾಶಿ. ಇಸ್ತ್ರಿ ಮಾಡಿ ಮಾಡಿ ಭುಜ ಸೋತಿದೆ. ಗುಂಡಿ ಹೊಲಿಯುವ ಆಕೆ ಎದುರು ಬಂದು ನಿಂತಳು.

‘ಏನ್ರೀ ಮುಖ, ಮುದುರಿದ ಕಾಲರ್ ಥರ! ಇಲ್ಲಿ ಕೊಡಿ, ನಾನೇ ಒಂದ್ಸಲ ಉಜ್ಜಿ ಕೊಡ್ತೀನಿ.’

ನಕ್ಕೆ ಅನಿಸುತ್ತದೆ. ಆಮೇಲೆ ಕೇಳಿದಳು — ‘ನಿಮ್ ಭಾವ ಹೇಗಿದಾರೆ?’

ಗೊತ್ತಿಲ್ಲ. ನಾನೂ ಭಾವನೂ ನೇರವಾಗಿ ಮಾತಾಡಿದವರೇ ಅಲ್ಲ. ಜಗಳವೇನಿಲ್ಲ. ‘ಅವನು ಊಟ ಮಾಡಿದನಾ ಕೇಳು’ ಅಂತ ಅವರು ಅಕ್ಕನಿಗೆ ಹೇಳುವುದು, ‘ಆಯ್ತು ಅನ್ನು’ ಅಂತ ನಾನು ಅಕ್ಕನಿಗೆ ಹೇಳುವುದು. ಒಂದೇ ಮೇಜಿಗೆ ಕೂತು.

ಅಕ್ಟೋಬರ್ 20, ಭಾನುವಾರ

ಗೇಟಿನ ಕಾವಲುಗಾರ ಗಡ್ಡ ಬಿಟ್ಟಿದ್ದಾನೆ. ಮಂಕಿ ಟೋಪಿಗಿಂತ ಬೆಚ್ಚಗಂತೆ.

‘ಸಾರ್, ಚಳಿಗಾಲ ಆದ್ಮೇಲೆ ನಡುವಿನ ದಾರಿ ಮುಚ್ತಾರಂತೆ. ಯಾರೂ ತುಳಿಯಲ್ಲ. ಹುಲ್ಲು ಬೆಳೆದ್ರೆ ಬೆಳೀಲಿ ಅಂತ ಬಿಟ್ಬಿಡೋದು.’

‘ತುಳಿದರೆ?’

‘ತುಳಿದ್ರೆ ದಾರಿ. ಇಲ್ಲಾಂದ್ರೆ ಕಾಡು. ಅಷ್ಟೇ ಅಲ್ವಾ ಸಾರ್?’

ಕಂಬದ ಹತ್ತಿರ ಬಹಳ ಹೊತ್ತು ನಿಂತೆ. ಮುಚ್ಚಿದರೆ ಆ ಮನೆಗೆ ರಸ್ತೆಯಲ್ಲೇ ಹೋಗಬೇಕು. ಎರಡು ಬಸ್ಸು ಬದಲಿಸಿ, ಬೆಲ್ ಒತ್ತಿ, ನಿಂತು... ಹೋಗುವವನಲ್ಲ ನಾನು. ಬರುವವರಲ್ಲ ಅವರು. ಹೀಗೇ ಬಿಟ್ಟುಹೋಗುತ್ತದೆ, ಯಾರೂ ಬಿಡದೆ.

ನವೆಂಬರ್ 3, ಭಾನುವಾರ

ಕಾವಲುಗಾರ ನನ್ನನ್ನು ಕಂಡ ಕೂಡಲೇ ನಗಲು ಶುರು ಮಾಡಿದ.

‘ಸಾರ್, ಕೇಳಿ ಇಲ್ಲಿ. ಮೊನ್ನೆ ನಂಗೆ ಆ ಗೇಟಲ್ಲಿ ಡ್ಯೂಟಿ. ಯಾರೋ ಹಿರೀರು ಬಂದ್ರು, ದಪ್ಪ ಮೀಸೆ. ಬೀಗದ ದಾರಿ ಎಲ್ಲಿದೆಯಪ್ಪಾ ಅಂದ್ರು. ಬೀಗದ ದಾರಿ! ಕೈಯಲ್ಲಿ ಕೀ ಬೇರೆ. ಸ್ವಾಮಿ, ಈ ಕಾಡಲ್ಲಿ ಬೀಗ ಇರೋದು ನಮ್ ಟಾಯ್ಲೆಟ್‌ಗೆ ಒಂದೇ ಅಂದೆ. ಅದಕ್ಕೂ ಹಾಕಿ ನೋಡಿದ್ರು ಸಾರ್! ಹಿಡೀಲಿಲ್ಲ. ಸುಮ್ನೆ ಹೊರಟೋದ್ರು.’

ನಗು ಬರಲಿಲ್ಲ ನನಗೆ. ಅದು ಭಾವನೇ. ದಪ್ಪ ಮೀಸೆ. ಅಕ್ಕ ಇಷ್ಟು ವರ್ಷ ‘ಬೀಗರ ದಾರೀಲಿ ಹೋಗಿ ಬರ್ತೀನಿ’ ಅಂತ ಹೊರಟಾಗ ಭಾವ ಪೇಪರಿನಿಂದ ತಲೆ ಎತ್ತದೆ ‘ಹ್ಞೂಂ’ ಅಂದಿರಬೇಕು. ಬೀಗದ ದಾರಿ ಅಂತಲೇ ಕೇಳಿಸಿಕೊಂಡು.

ಅದೇ ದಿನ, ಸಂಜೆ

ಫೋನ್ ಮಾಡಿದೆ. ಮೂರು ಸಲ ಕೆಳಗಿಟ್ಟು, ಮತ್ತೆ.

‘ಭಾವ, ನಾನು.’

‘ಹಾಂ, ಹಾಂ. ತಡಿ, ಅವಳಿಗೆ ಕೊಡ್ತೀನಿ.’

ಅವರ ಕಡೆ ಫ್ರಿಜ್ ಗುಂಯ್ ಅನ್ನುತ್ತಿತ್ತು. ಅವರ ಉಸಿರು. ಆಮೇಲೆ ಏನೂ ಆಗದವರ ಹಾಗೆ —

‘ಹೇಳು.’

‘ಕಾಡಿಗೆ ಹೋಗಿದ್ರಂತೆ.’

‘ಅವಳ ಚೀಲದಲ್ಲಿ ಒಂದು ಕೀ ಇತ್ತು. ಮನೇಲಿ ಯಾವುದಕ್ಕೂ ಹಿಡಿಯಲ್ಲ. ಆ ದಾರೀದೇ ಇರಬೇಕು ಅಂತ... ಒಳಗೆ ಏನಿದೆ ನೋಡೋಣ ಅಂತ.’

‘ಅದು ನನ್ನ ಕೋಣೇದು ಭಾವ. ನನಗೆ ಜ್ವರ ಬಂದಾಗ ಮಾಡಿಸಿಕೊಂಡಿದ್ಲು.’

‘ಓ. ವಾಪಸ್ ಕೊಡ್ಬೇಕಾ?’

‘ಬೇಡ. ನಿಮ್ಮ ಹತ್ರಾನೇ ಇರ್ಲಿ.’

ಬೀಗದ ದಾರಿಯಲ್ಲ, ಬೀಗರ ದಾರಿ ಅಂತ ಬಿಡಿಸಿ ಹೇಳಿದೆ. ನಗುತ್ತಾರೆ ಅಂದುಕೊಂಡೆ. ‘ಬೀಗರು ಅಂದ್ರೆ ಯಾರು, ನಾನಾ?’ ಅಂದರು, ಸ್ವಲ್ಪ ಖುಷಿಯಾದವರ ಹಾಗೆ. ಬರುವ ಭಾನುವಾರ ಅವರು ಆ ಕಡೆಯಿಂದ, ನಾನು ಈ ಕಡೆಯಿಂದ.

ನವೆಂಬರ್ 10, ಭಾನುವಾರ

ಬರಲಿಲ್ಲ.

ಕಂಬಕ್ಕೆ ಒರಗಿ ಮಧ್ಯಾಹ್ನದವರೆಗೆ ಕೂತಿದ್ದೆ. ಒಂದು ಅಳಿಲು ಬಂದು ನೋಡಿಕೊಂಡು ಹೋಯಿತು. ಫೋನ್ ಮಾಡಲಿಲ್ಲ. ಅವರೂ ಮಾಡಲಿಲ್ಲ. ಬಲವಂತದಿಂದ ಏನೂ ಆಗುವುದಿಲ್ಲ. ಕೋಣೆಗೆ ಬಂದು ಟೀ ಮಾಡಿದೆ. ಭಾನುವಾರ ಅಕ್ಕನಿಗೂ ಸೇರಿಸಿ ಮಾಡಿ ಅಭ್ಯಾಸ, ಒಬ್ಬನಿಗೇ ಎಷ್ಟು ಬೇಕೋ ಅಷ್ಟು ಮಾಡಲು ಇನ್ನೂ ಬರುವುದಿಲ್ಲ ನನಗೆ. ಉಳಿದದ್ದು ಸಿಂಕಿಗೆ.

ನವೆಂಬರ್ 13

ಲಾಂಡ್ರಿಯ ಫೋನಿಗೇ ಮಾಡಿದರು ಭಾವ. ಮಾಲೀಕರ ಮುಂದೆ ನಿಂತು ಮಾತಾಡಬೇಕಾಯಿತು. ಬಂದಿದ್ದರಂತೆ! ತಿರುವು ಸಿಗದೆ ಬಂಡೆ ಸುತ್ತಿನಲ್ಲೇ ಸುತ್ತಿ ಸುತ್ತಿ...

‘ಅದೇ ಬಂಡೆ ಮೂರು ಸಲ ಸಿಕ್ತು ಕಣೋ. ಮೂರನೇ ಸಲ ಮನೇಲೆಲ್ಲಾ ಸೌಖ್ಯಾನಾ ಅಂತ ನಾನೇ ಕೇಳ್ದೆ.’

ಹೇಳಲು ನಾಚಿಕೆಯಾಗಿ ಮೂರು ದಿನ ಸುಮ್ಮನಿದ್ದರಂತೆ. ಸರ್ವಿಸ್ ಪೂರ್ತಿ ಬಸ್ಸು ಓಡಿಸಿದವರು. ‘ನಿಮ್ ಭಾವನ ಕೈಗೆ ಸ್ಟೇರಿಂಗ್ ಕೊಟ್ರೆ ಮಾತ್ರ ದಾರಿ ಕಾಣೋದು’ ಅನ್ನುತ್ತಿದ್ದಳು ಅಕ್ಕ.

ನಾನು ಕಂಬ ಬಿಟ್ಟು ಆ ತುದಿಗೆ ಹೋಗಿದ್ದರೆ ಸಿಗುತ್ತಿದ್ದರು. ಅವರು ಅಲ್ಲಿ ಸುತ್ತುತ್ತಾ, ನಾನು ಇಲ್ಲಿ ಕೂತು. ಬೈದುಕೊಂಡೆ.

‘ಈ ಭಾನುವಾರ ನೋಡ್ತೀನಿ. ಸಿಗಲಿಲ್ಲ ಅಂದ್ರೆ ನಂಗೆ ಆಗಲ್ಲಪ್ಪ, ಮಂಡಿ ನೋವು,’ ಅಂದರು.

ನವೆಂಬರ್ 17, ಭಾನುವಾರ. ಕಾಡಿನಲ್ಲೇ ಬರೆಯುತ್ತಿದ್ದೇನೆ

ಕಂಬ ದಾಟಿದೆ. ಏನೂ ಆಗಲಿಲ್ಲ. ಎಲೆ ಮೊಣಕಾಲಿನವರೆಗೆ. ಕಾಲಿನಿಂದ ಸರಿಸಿಕೊಂಡು ಬಂದೆ. ಹಿಂದೆ ತಿರುಗಿ ನೋಡಿದರೆ ಒಂದು ಗೆರೆ ಬಿದ್ದಿದೆ, ಬೈತಲೆ ತೆಗೆದ ಹಾಗೆ. ಅಕ್ಕ ಕೂರುತ್ತಿದ್ದ ಬಿದ್ದ ಮರದ ಹತ್ತಿರ ಒಂದಿಷ್ಟು ಅತ್ತೆ. ಕೇಳುವವರಿರಲಿಲ್ಲ, ಜೋರಾಗೇ.

ಈಗ ಬಂಡೆ ಸುತ್ತಿನ ತುದಿಯಲ್ಲಿ ಕಲ್ಲಿನ ಮೇಲೆ ಕೂತಿದ್ದೇನೆ. ಕೈ ಮರಗಟ್ಟಿದೆ, ಅಕ್ಷರ ಕಾಗೆ ಕಾಲು. ಮರಗಳಲ್ಲಿ ಎಲೆ ಇಲ್ಲದ್ದರಿಂದ ದೂರದವರೆಗೆ ಕಾಣುತ್ತದೆ. ಯಾರೂ ಇಲ್ಲ.

ಯಾರೂ ಇಲ್ಲ.

ಕೆಮ್ಮು. ಅವರದ್ದೇ! ನೀಲಿ ಮಫ್ಲರ್, ಅಕ್ಕನದು. ‘ಎಡಕ್ಕೆ ಭಾವ, ಎಡಕ್ಕೆ’ ಅಂತ ಕೂಗಿದೆ. ಕೈ ಎತ್ತಿದರು. ಬಲಕ್ಕೆ ತಿರುಗಿದರು. ಮತ್ತೆ ಅದೇ ಬಂಡೆ ಕಡೆಗೆ... ಈ ಮನುಷ್ಯ ಅದು ಹೇಗೆ ಬಸ್ಸು — ಅಯ್ಯೋ, ನಿಲ್ಲಿ ಭಾವ, ಅಲ್ಲೇ ನಿಲ್ಲಿ, ನಾನೇ