ಯಜಮಾನನ ಚಿಪ್ಪಿಗೆ ಸುಣ್ಣ

ಮಂಗಳವಾರ, ಮಾರ್ಚ್ ಹನ್ನೆರಡು

ನನ್ನ ಮುದ್ದಿನ ಮಗಳಿಗೆ, ಹಿತ್ತಲ ಮೆಟ್ಟಿಲ ಮೇಲೆ ಕೂತು ಅಮ್ಮ ಬರೆಯುವ ಕಾಗದ.

ನಿನ್ನ ಗುಬ್ಬಿ ಚೆನ್ನಾಗಿದ್ದಾಳೆ. ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ನೀನು ಮುಂದಕ್ಕೆ ಓದುವವಳಲ್ಲ. ಹೊಟ್ಟೆನೋವು ಅನ್ನುತ್ತಾಳೆ, ಸ್ವಲ್ಪ ಮಂಕಾಗಿದ್ದಾಳೆ. ಮೂರು ವರ್ಷದ ಕೂಸು, ತಾಯಿ ನೀನು ತರಬೇತಿಗೆ ಹೋದ ಬೇಸರವಿರಬೇಕು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಏನಾದರೊಂದು ಸುಳ್ಳು ಹೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಬಸ್ಸಿನ ಡ್ರೈವರ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಸುದ್ದಿ ನಿನ್ನ ಆಮೆಗಳದ್ದು. ಯಜಮಾನ ಹಿಂಗಾಲು ಎಳೆಯುತ್ತಿದ್ದಾನೆ. ಅವನ ಬೆನ್ನು ಬಿಡದ ಗುಮಾಸ್ತ ನಾಲ್ಕು ದಿನದಿಂದ ಎಲೆ ಮೂಸಿಯೂ ನೋಡಿಲ್ಲ.

ತಪ್ಪು ನನ್ನದೇ. ಹೊರಗೆ ಎಷ್ಟು ಮೇಯ್ದರೂ ಚಿಪ್ಪಿಗೆ ಸುಣ್ಣದಂಶ ಸಾಲದು, ವಾರಕ್ಕೆ ಮೂರು ದಿನ ಎಲೆ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸು ಅಂತ ನೀನು ಸಾರಿ ಸಾರಿ ಹೇಳಿದ್ದೆ. ಎರಡನೇ ತಿಂಗಳಿಗೇ ಡಬ್ಬಿ ಖಾಲಿಯಾಯಿತು. ಪಕ್ಕದ ಮನೆ ಟೈಲರಮ್ಮ, ಹಸು ಏನು ಪೌಡರ್ ಹಾಕ್ಕೊಂಡು ಮೇಯುತ್ತೇನ್ರೀ ಅಂತ ನಕ್ಕಳು. ನಾನೂ ನಕ್ಕೆ, ಹೊಸ ಡಬ್ಬಿ ತರಲೇ ಇಲ್ಲ.

ಆಮೇಲೊಂದು ದಿನ ನೋಡಿದರೆ, ಯಜಮಾನ ಕಾಂಪೌಂಡ್ ಗೋಡೆಯಿಂದ ಉದುರಿದ ಬಿಳೀ ಚಕ್ಕೆಗಳನ್ನು ಬಿಸ್ಕತ್ತಿನ ಹಾಗೆ ಕಟಕಟ ಕಡಿಯುತ್ತಿದ್ದ. ಭಲೇ, ತನಗೆ ಬೇಕಾದ ಸುಣ್ಣ ತಾನೇ ಹುಡುಕಿಕೊಂಡನಲ್ಲ ಅಂತ ಹಿಗ್ಗಿದೆ! ನಿಮ್ಮಪ್ಪನ ಕೆರೆಯುವ ಪಟ್ಟಿಯಿಂದಲೇ ಗೋಡೆ ಕೆರೆದು, ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಐದು ವಾರ ಎಲೆಗಳಿಗೆ ಉದುರಿಸಿದೆ. ಯಜಮಾನರಿಗೆ ಬಡಿಸೋದು ನಾನೇ ಅಂತ ಗುಬ್ಬಿ ಬಟ್ಟಲು ಹಿಡಿದು ಓಡುತ್ತಿದ್ದಳು.

ನಿನ್ನೆ ಪಶುವೈದ್ಯರು ಬಂದರು. ಏನು ತಿನ್ನಿಸ್ತಿದ್ದೀರಿ ಅಂದರು. ದೊಡ್ಡಸ್ತಿಕೆಯಿಂದಲೇ ಹೇಳಿದೆ. ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. ಎಷ್ಟು ಹಳೇ ಬಣ್ಣ ಅಂತ ಕೇಳಿದರು. ನಮ್ಮ ಮನೆಯವರು ಬಣ್ಣ ಬಳಿಯುವ ಕೆಲಸದವರು, ಮಗಳು ಹುಟ್ಟಿದ ವರ್ಷ ತಾವೇ ಬಳಿದದ್ದು ಅಂದೆ. ಹಾಗಾದರೆ ಅದು ಸುಣ್ಣವಲ್ಲ, ಸೀಸದ ಬಣ್ಣ, ವಿಷ ಅಂದರು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ ಅಂತ ಕೇಳಿದರು.

ಇಲ್ಲ ಅಂದುಬಿಟ್ಟೆ. ಯಾಕೆ ಅಂದೆನೋ, ನನ್ನ ನಾಲಿಗೆಗೇ ಗೊತ್ತು.

ಅವರು ಹೋದ ಮೇಲೆ ನೆನಪಾಯಿತು. ಕೆಲಸದಿಂದ ಬಂದ ನಿಮ್ಮಪ್ಪ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿ ತೊಳೆಯದೆ ನಿನ್ನನ್ನು ಎತ್ತಿಕೊಳ್ಳುತ್ತಿರಲಿಲ್ಲ. ಈ ಬಣ್ಣ ಮಗೂಗೆ ಆಗಲ್ಲ ಕಣೇ, ದೂರ ಇಡು ಅನ್ನುತ್ತಿದ್ದರು. ಸೋಪು ಕೊಡುತ್ತಿದ್ದವಳು ನಾನೇ. ಹೇಗೆ ಮರೆತೆ?

ತರಬೇತಿಯ ಪರೀಕ್ಷೆ ಬಿಟ್ಟು ಬಾ ಅನ್ನಲು ನನಗೆ ಮುಖವಿಲ್ಲ. ಆದರೂ ಬಾ.

ಇಂತಿ,
ನಿನ್ನ ತಪ್ಪಿತಸ್ಥ ಅಮ್ಮ

ತಾ.ಕ.: ಗುಬ್ಬಿ ಚೆನ್ನಾಗಿದ್ದಾಳೆ ಅಂತ ಬರೆದ ಮೊದಲ ಸಾಲೇ ಸುಳ್ಳು, ಮಗಳೇ. ಯಜಮಾನನಿಗೊಂದು ಎಲೆ, ನಂಗೊಂದು ಅಂತ ಗುಬ್ಬಿ ತಿನ್ನುತ್ತಿದ್ದಳಂತೆ. ಟೈಲರಮ್ಮ ಈಗ ಬೇಲಿಯಾಚೆಯಿಂದ ಹೇಳಿದಳು. ಮಗುವಿನ ತುಟಿ ಸುತ್ತ ಬೆಳ್ಳಗಿರುತ್ತಿದ್ದುದನ್ನು ಹಾಲು ಅಂದುಕೊಂಡು ದಿನಾ ನನ್ನ ಕೈಯಾರೆ ಒರೆಸುತ್ತಿದ್ದೆ. ನೀನು ಹೋದಾಗಿನಿಂದ ಅವಳು ಹಾಲು ಮುಟ್ಟಿಲ್ಲ. ಬೆಳಗಿನಿಂದ ಎರಡು ಸಲ ಕೂಗಿದರೂ ನನ್ನ ಕಡೆ ತಿರುಗಲಿಲ್ಲ. ಎತ್ತಿಕೊಂಡು ಹೊರಟಿದ್ದೇನೆ. ಮನೆಗೆ ಬರಬೇಡ, ನೇರವಾಗಿ ಮಕ್ಕಳ ಆಸ್ಪತ್ರೆಗೇ ಬಾ.